ಹಳೆಯ 2-8-0 ಸ್ಟೀಮ್ ಇಂಜಿನ್ ಮಾಡೆಲ್: ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ?

ಸಣ್ಣಹಳಿ:

ಎಲ್ಲರಿಗೂ ನಮಸ್ಕಾರ. ಓಓ ಸ್ಕೇಲಿನ, ಅಂದರೆ 1:76 ಅಳತೆಯ ಹಳೆಯ ಗೂಡ್ಸ್ ಇಂಜಿನ್ ಒಂದು ಕೈಗೆ ಬಂದಿದೆ. 2-8-0, ಅಂದರೆ ಮುಂದೆ ಎರಡು ಸಣ್ಣ ಚಕ್ರ, ಆಮೇಲೆ ಎಳೆಯುವ ಎಂಟು ಚಕ್ರ, ಅದರ ಹಿಂದೆ ಸಣ್ಣ ಚಕ್ರ ಇಲ್ಲ. ಹಿಂದೆ ಟೆಂಡರ್ (ಕಲ್ಲಿದ್ದಲು, ನೀರು ಹೊರುವ ಗಾಡಿ) ಇದೆ. ಬಾಡಿ ಪ್ಲಾಸ್ಟಿಕ್, ಚಾಸಿ ಎರಕದ ಲೋಹ, ಮೋಟಾರ್ ಹಳೇ ಕಾಲದ ಓಪನ್ ಫ್ರೇಮ್, ಅಂದರೆ ಸುತ್ತ ಮುಚ್ಚದೆ ಬಿಟ್ಟದ್ದು. ನನಗೆ ಈ ಇಂಜಿನ್ ತುಂಬಾ ಇಷ್ಟ, ಶೋಕೇಸಿನಲ್ಲಿ ಇಡುವುದಕ್ಕಲ್ಲ, ಉದ್ದದ ಗೂಡ್ಸ್ ರೇಕ್ ಎಳೆಸಬೇಕು ಅಂತ ಆಸೆ.

ಸಮಸ್ಯೆಗಳು ಹೀಗಿವೆ. ಓಡುತ್ತದೆ, ಆದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಒಂದೇ ಜಾಗದಲ್ಲಿ ಮುಗ್ಗರಿಸುತ್ತದೆ. ಜೋರಾಗಿ ಬಿಟ್ಟರೆ ಗೊತ್ತಾಗುವುದಿಲ್ಲ, ನಿಧಾನಕ್ಕೆ ಬಿಟ್ಟರೆ ಎದ್ದು ಕಾಣುತ್ತದೆ. ಬಾಯ್ಲರಿನ ಕೆಳಗಿನ ಜೋಡಣೆ ಬಿರುಕು ಬಿಟ್ಟು ಸ್ವಲ್ಪ ಬಾಯಿ ತೆರೆದಿದೆ, ಒಳಗೆ ಬಿಳಿ ಪುಡಿ ಕಾಣುತ್ತಿದೆ, ಅದೇನು ಅಂತ ಅರ್ಥವಾಗಲಿಲ್ಲ. ಮೊದಲಿದ್ದವರು ಬ್ರಷ್ಷಿನಲ್ಲಿ ದಪ್ಪಗೆ ಕಪ್ಪು ಬಣ್ಣ ಬಳಿದಿದ್ದಾರೆ, ರಿವೆಟ್ಟುಗಳೆಲ್ಲ ಮುಚ್ಚಿಹೋಗಿವೆ. ಹ್ಯಾಂಡ್‌ರೇಲ್ ಬೇರೆ ತಂತಿಯಲ್ಲ, ಬಾಡಿಯ ಜೊತೆಗೇ ಅಚ್ಚಾಗಿದೆ.

ಇವಿಷ್ಟನ್ನೂ ಸರಿಮಾಡಬೇಕು. ಬಣ್ಣ ತೆಗೆಯುವುದು ಮೊದಲೋ, ಓಟ ಸರಿಮಾಡುವುದು ಮೊದಲೋ? ಮುಂದೆ ಡಿಸಿಸಿ (ಹಳಿಯ ಮೂಲಕ ಡಿಜಿಟಲ್ ಸಂಕೇತ ಕಳಿಸಿ ಇಂಜಿನ್ ಓಡಿಸುವ ವ್ಯವಸ್ಥೆ) ಹಾಕುವ ಯೋಚನೆಯೂ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಕ್ರ್ಯಾಂಕ್‌ಪಿನ್:

ಮೊದಲು ಆ ಬಿಳಿ ಪುಡಿಯ ವಿಷಯ. ಅದನ್ನು ಒಣಗಿದ್ದ ಹಾಗೇ ಕೆರೆಯಬೇಡಿ, ಊದಬೇಡಿ. ತೂಕಕ್ಕೆ ಅಂತ ಬಾಯ್ಲರಿನೊಳಗೆ ಸೀಸದ ಗುಂಡು ತುಂಬಿ ಬಿಳಿ ಪಿವಿಎ ಅಂಟು ಸುರಿದಿರುತ್ತಾರೆ, ಮುಕ್ಕಾಲು ಪಾಲು ಅದೇ ಇದು. ಆ ಅಂಟಿನಿಂದ ಅಸೆಟಿಕ್ ಆಮ್ಲ ಬಿಡುಗಡೆಯಾಗುತ್ತದೆ, ಅದು ಸೀಸವನ್ನು ತಿಂದು ನಿಧಾನಕ್ಕೆ ಸೀಸದ ಕಾರ್ಬೊನೇಟ್ ಮಾಡುತ್ತದೆ. ಈ ಕಾರ್ಬೊನೇಟಿಗೆ ಸೀಸಕ್ಕಿಂತ ಜಾಸ್ತಿ ಜಾಗ ಬೇಕು. ಉಬ್ಬುತ್ತಾ ಹೋಗಿ ಕೊನೆಗೆ ಬಾಯ್ಲರನ್ನೇ ಸೀಳುತ್ತದೆ. ಪುಡಿ ವಿಷ. ಕೈಗವಸು ಹಾಕಿಕೊಳ್ಳಿ, ಒಳಗೆ ನೀರು ಬಿಟ್ಟು ಒದ್ದೆ ಮಾಡಿಕೊಂಡು ತೆಗೆಯಿರಿ, ಮಕ್ಕಳಿರುವ ಕಡೆ ಈ ಕೆಲಸ ಬೇಡ. ಪೂರ್ತಿ ತೆಗೆದು ತೊಳೆಯಲೇಬೇಕು, ಒಂದಿಷ್ಟು ಉಳಿದರೂ ಮತ್ತೆ ಉಬ್ಬುತ್ತದೆ. ಆಮೇಲೆ ತೂಕ ಹಾಕುವಾಗ ಸೀಸದ ಹಾಳೆಯನ್ನು ಸುರುಳಿ ಸುತ್ತಿ ಎಪಾಕ್ಸಿಯಲ್ಲಿ ಕೂರಿಸಿ, ಅಥವಾ ಟಂಗ್‌ಸ್ಟನ್ ಪುಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು. ತೂಕ ಎಂಟು ಚಕ್ರಗಳ ಮಧ್ಯದಲ್ಲಿ ಬೀಳಬೇಕು. ಮೂತಿ ಭಾರವಾದರೆ ಹಿಂದಿನ ಚಕ್ರಗಳು ಸುಮ್ನೆ ಸುತ್ತುತ್ತವೆ, ಎಳೆತ ಬರುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ ಉತ್ತರ: ಓಟ ಮೊದಲು. ಬಣ್ಣ, ಹ್ಯಾಂಡ್‌ರೇಲ್ ಎಲ್ಲ ಆಮೇಲೆ. ಚಂದ ಮಾಡಿದ ಬಾಡಿಯನ್ನು ಕೈಯಲ್ಲಿ ಹಿಡಿದು ಚಾಸಿ ರಿಪೇರಿ ಮಾಡಿದರೆ ಆ ಸಣ್ಣ ಸಣ್ಣ ಭಾಗಗಳು ಒಂದೂ ಉಳಿಯುವುದಿಲ್ಲ.

ಚಾಸಿ ಬಿಚ್ಚಿದ ತಕ್ಷಣ ಎರಕದ ಬ್ಲಾಕನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಿ. ಬಾಗಿದೆಯಾ, ಕೂದಲೆಳೆಯಂಥ ಬಿರುಕುಗಳಿವೆಯಾ, ಮೂಲೆ ಉಬ್ಬಿದೆಯಾ. ಇದ್ದರೆ ಅದು ಮಜಾಕ್ ರಾಟ್. ಸತು ಮಿಶ್ರಲೋಹದಲ್ಲಿ ಸೀಸ ಸ್ವಲ್ಪ ಸೇರಿಬಿಟ್ಟರೆ ಲೋಹದ ಹರಳುಗಳ ನಡುವೆ ಸವೆತ ಶುರುವಾಗುತ್ತದೆ, ಅದಕ್ಕೇ ಈ ಎರಕಕ್ಕೆ 99.99 ಪರ್ಸೆಂಟ್ ಶುದ್ಧ ಸತು ಬೇಕು ಅನ್ನುವುದು. ಇದಕ್ಕೆ ಔಷಧಿ ಇಲ್ಲ. ಬ್ಲಾಕ್ ಬದಲಾಯಿಸಬೇಕು, ಇಲ್ಲದಿದ್ದರೆ ಹಿತ್ತಾಳೆ ತಗಡಿನ ಚಾಸಿ ಕಿಟ್ ಕಟ್ಟಬೇಕು. ಇದು ಗೊತ್ತಾಗದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ.

ಬ್ಲಾಕ್ ಚೆನ್ನಾಗಿದ್ದರೆ ಮುಗ್ಗರಿಸುವುದಕ್ಕೆ ಕಾರಣ ಹೆಚ್ಚಾಗಿ ಕ್ವಾರ್ಟರಿಂಗ್. ಪ್ರತಿ ಆಕ್ಸಲ್‌ನಲ್ಲಿ ಎಡಗಡೆ ಕ್ರ್ಯಾಂಕ್ ಪಿನ್ನಿಗೂ (ಚಕ್ರದಲ್ಲಿ ರಾಡ್ ಸಿಕ್ಕಿಸುವ ಪಿನ್) ಬಲಗಡೆ ಪಿನ್ನಿಗೂ 90 ಡಿಗ್ರಿ ವ್ಯತ್ಯಾಸ ಇರಬೇಕು ಅಲ್ವಾ, ಆ ಕೋನ 89 ಆಗಿದ್ದರೂ ಇಂಜಿನ್ ಓಡುತ್ತದೆ, ಆದರೆ ನಾಲ್ಕೂ ಆಕ್ಸಲ್‌ನಲ್ಲಿ ಒಂದೇ ಆಗಿರಬೇಕು. ಒಂದು ಜಾರಿದ್ದರೆ ಸಾಕು, ಆ ಜಾಗ ಬಂದಾಗ ರಾಡ್ ಬಿಗಿ ಹಿಡಿಯುತ್ತದೆ.

ಹುಡುಕುವ ಕ್ರಮ ಹೇಳುತ್ತೇನೆ. ಮೋಟಾರ್ ತೆಗೆದುಬಿಡಿ, ವರ್ಮ್ (ಮೋಟಾರಿನ ತುದಿಯ ಸ್ಕ್ರೂ ಥರದ ಹಲ್ಲು) ಗೇರಿಗೆ ತಗುಲಬಾರದು. ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಕಪ್ಲಿಂಗ್ ರಾಡ್, ಪಿಸ್ಟನ್ ರಾಡ್ ಎಲ್ಲ ಬಿಚ್ಚಿ. ಬರೀ ಚಕ್ರಗಳ ಮೇಲೆ ಚಾಸಿಯನ್ನು ಸ್ವಲ್ಪ ಓರೆ ಮಾಡಿದ ಹಲಗೆಯ ಮೇಲಿಡಿ, ತಾನಾಗಿ ಉರುಳಬೇಕು. ಉರುಳದಿದ್ದರೆ ಬೇರಿಂಗಿನಲ್ಲಿ ಗಟ್ಟಿಯಾದ ಹಳೇ ಎಣ್ಣೆ ಇರುತ್ತದೆ, ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ತೊಳೆಯಿರಿ. ಉರುಳಿದರೆ ಗೇರ್ ಇರುವ ಆಕ್ಸಲ್ ಮತ್ತು ಅದರ ಪಕ್ಕದ್ದು, ಇವೆರಡಕ್ಕೆ ಮಾತ್ರ ರಾಡ್ ಹಾಕಿ ಮತ್ತೆ ಉರುಳಿಸಿ. ಸರಿಯಿದ್ದರೆ ಮೂರನೆಯದು, ಆಮೇಲೆ ನಾಲ್ಕನೆಯದು. ಯಾವುದನ್ನು ಸೇರಿಸಿದಾಗ ಹಿಡಿಯಿತೋ ಅದೇ ಕಳ್ಳ. ಆ ಆಕ್ಸಲ್‌ನ ಒಂದು ಚಕ್ರ ಗಟ್ಟಿಯಾಗಿ ಹಿಡಿದು ಇನ್ನೊಂದನ್ನು ತಿರುಗಿಸಿ ನೋಡಿ, ಹಳೆಯ ಮಾಡೆಲ್‌ಗಳಲ್ಲಿ ಚಕ್ರದ ಪ್ಲಾಸ್ಟಿಕ್ ಸೀಳಿ ಆಕ್ಸಲ್ ಮೇಲೆ ಸಡಿಲವಾಗಿರುತ್ತದೆ. ಸಡಿಲ ಇಲ್ಲ, ಪಿನ್ ಬಾಗಿಲ್ಲ ಅಂದರೆ ಕೊಂಚ ಕೊಂಚವೇ ತಿರುಗಿಸಿ ಸರಿಮಾಡಿ. ರಾಡಿನ ತೂತು ದೊಡ್ಡದು ಮಾಡುವುದು ಕಟ್ಟಕಡೆಯ ಉಪಾಯ. ತುಂಬಾ ಜನ ಅಲ್ಲಿಂದಲೇ ಶುರು ಮಾಡುತ್ತಾರೆ, ರೋಗ ಮಾತ್ರ ಹಾಗೇ ಇರುತ್ತದೆ.

ಚಕ್ರಗಳನ್ನು ಮುಟ್ಟಿದ ಮೇಲೆ ಎರಡು ಚಕ್ರಗಳ ಒಳಮೈ ನಡುವಿನ ಅಂತರ ಅಳೆಯಿರಿ, ಓಓದಲ್ಲಿ ಸುಮಾರು 14.5 ಮಿ.ಮೀ. ಕಮ್ಮಿಯಾದರೆ ಹಳಿ ಕವಲೊಡೆಯುವ ಪಾಯಿಂಟ್‌ಗಳಲ್ಲಿ ಹತ್ತಿ ಇಳಿಯುತ್ತದೆ.

ಹಳೆಪೆಟ್ಟಿಗೆ:

ಒಂದು ಮಾತು. ಬಣ್ಣ ತೆಗೆಯುವ ಮುಂಚೆ ಅದರ ಅಡಿಯಲ್ಲಿ ಫ್ಯಾಕ್ಟರಿ ಬಣ್ಣ ಇದೆಯಾ ನೋಡಿ. ಮೂಲ ಬಣ್ಣ, ಮೂಲ ನಂಬರ್, ಪೆಟ್ಟಿಗೆ ಸಮೇತ ಇರುವ ಹಳೆಯ ಮಾಡೆಲ್‌ಗಳು ಕಮ್ಮಿಯಾಗುತ್ತಿವೆ. ಹಾಗೆ ಉಳಿದಿದ್ದರೆ ದಯವಿಟ್ಟು ಕೈ ಹಚ್ಚಬೇಡಿ, ಓಟ ಮಾತ್ರ ಸರಿಮಾಡಿ ಇಟ್ಟುಕೊಳ್ಳಿ. ಬಿಚ್ಚಿದ ಹಳೆಯ ಭಾಗಗಳನ್ನೂ ಎಸೆಯಬೇಡಿ, ಮೋಟಾರ್ ಬದಲಾಯಿಸಿದರೆ ಹಳೇ ಮೋಟಾರನ್ನು ಡಬ್ಬಿಯಲ್ಲಿ ಹಾಕಿ ಮೇಲೆ ಬರೆದಿಡಿ.

ಸಣ್ಣಹಳಿ:

ಕ್ರ್ಯಾಂಕ್‌ಪಿನ್ ಅವರೇ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒದ್ದೆ ಮಾಡಿ ತೆಗೆದೆ, ಒಳಗಿದ್ದದ್ದು ಸೀಸದ ಗುಂಡೇ, ಹೊರಗೆ ಬಿಳಿ ಪದರ, ಒಳಗೆ ಬೂದು ಬಣ್ಣ. ಬ್ಲಾಕ್ ನೇರವಾಗಿದೆ, ಬಿರುಕಿಲ್ಲ. ಮೂರನೇ ಆಕ್ಸಲ್ ಸೇರಿಸಿದಾಗ ಹಿಡಿಯಿತು, ಒಂದು ಚಕ್ರ ಸಡಿಲವಾಗಿದೆ. ಹೊಸ ಚಕ್ರದ ಸೆಟ್ ತರಿಸುತ್ತೇನೆ.

ಹಳೆಪೆಟ್ಟಿಗೆ ಅವರೇ, ಕ್ಯಾಬಿನ ಒಳಗೆ ಸ್ವಲ್ಪ ಉಜ್ಜಿ ನೋಡಿದೆ. ಕೆಳಗೆ ಫ್ಯಾಕ್ಟರಿ ಬಣ್ಣ ಇಲ್ಲ, ಇನ್ನೊಂದು ಪದರ ಮನೆಯ ಬಣ್ಣವೇ ಇದೆ. ನಂಬರ್ ಕೂಡ ಅಳಿಸಿದ್ದಾರೆ. ಹಾಗಾಗಿ ಹೊಸದಾಗಿ ಮಾಡುತ್ತೇನೆ. ಹ್ಯಾಂಡ್‌ರೇಲ್ ಹೇಗೆ?

ಹಿತ್ತಾಳೆತಂತಿ:

ಹ್ಯಾಂಡ್‌ರೇಲಿಗೆ ಬರುವ ಮೊದಲು ಒಂದು ಕೆಲಸ ಮಾಡಿ: ಒಂದೇ ಒಂದು ಇಂಜಿನ್ ಆರಿಸಿಕೊಳ್ಳಿ. ಕ್ಲಾಸ್ ಅಲ್ಲ, ನಂಬರ್. ಅದೂ ಯಾವ ವರ್ಷದ್ದು ಅಂತ ಗೊತ್ತಿರುವ ಫೋಟೋ, ಎಡಕ್ಕೊಂದು ಬಲಕ್ಕೊಂದು ಸಿಕ್ಕರೆ ಇನ್ನೂ ಒಳ್ಳೆಯದು. ವರ್ಕ್‌ಶಾಪಿಗೆ ಓವರ್‌ಹಾಲಿಗೆ ಹೋದಾಗ ಬಾಯ್ಲರನ್ನು ಬಿಚ್ಚಿ ಬೇರೆ ಇಂಜಿನ್ನಿನದನ್ನು ಹಾಕಿ ಕಳಿಸುವುದು ಮಾಮೂಲಿಯಾಗಿತ್ತು, ಟೆಂಡರ್ ಕೂಡ ಅದಲುಬದಲು ಆಗುತ್ತಿತ್ತು. ಹಾಗಾಗಿ ಒಂದೇ ನಂಬರಿನ ಇಂಜಿನ್ ಐದು ವರ್ಷದಲ್ಲಿ ಬೇರೆಯೇ ಕಾಣಬಹುದು. ಸ್ಮೋಕ್‌ಬಾಕ್ಸ್ (ಬಾಯ್ಲರಿನ ಮುಂತುದಿಯ ಹೊಗೆ ಪೆಟ್ಟಿಗೆ) ಬಾಗಿಲಿಗೆ ಎರಡು ಹಿಡಿಯೋ, ಒಂದು ಚಕ್ರ ಒಂದು ಹಿಡಿಯೋ? ಲ್ಯಾಂಪ್ ಐರನ್ (ದೀಪ ಸಿಕ್ಕಿಸುವ ಕೊಂಡಿ) ಎಲ್ಲಿದೆ? ಸೇಫ್ಟಿ ವಾಲ್ವ್ ಎಷ್ಟು? ಇದೆಲ್ಲ ಫೋಟೋ ಹೇಳಬೇಕು. ಕಂಡ ಕಂಡ ಡೀಟೇಲ್ ಎಲ್ಲ ಒಂದೇ ಇಂಜಿನ್ನಿಗೆ ಅಂಟಿಸಿದರೆ ಅಂಥ ಇಂಜಿನ್ ಯಾವ ಹಳಿಯ ಮೇಲೂ ಓಡಿರುವುದಿಲ್ಲ.

ಈಗ ಹ್ಯಾಂಡ್‌ರೇಲ್. ಅಚ್ಚಾದ ರೇಲನ್ನು ಕತ್ತರಿಸುವ ಮುಂಚೆ, ಮತ್ತೆ ಹೇಳುತ್ತೇನೆ, ಮುಂಚೆ, ಅದರ ಗುಬ್ಬಿಗಳು (ರೇಲನ್ನು ಬಾಯ್ಲರಿಗೆ ಹಿಡಿಸುವ ಸಣ್ಣ ಗುಂಡಿಗಳು) ಎಲ್ಲೆಲ್ಲಿವೆ ಅಂತ ಸೂಜಿ ಮೊನೆಯಿಂದ ಗುರುತು ಹಾಕಿ. ಒಮ್ಮೆ ಸವರಿಬಿಟ್ಟರೆ ಆ ಗೆರೆ ಮತ್ತೆ ಸಿಗುವುದಿಲ್ಲ, ಗುಂಡನೆಯ ಬಾಯ್ಲರ್ ಮೇಲೆ ಅಳೆದು ಗೆರೆ ಹಾಕುವುದು ಬಲು ಕಷ್ಟ. ಗುರುತು ಹಾಕಿದ ಮೇಲೆ ಅಗಲ ಬಾಯಿಯ ಬ್ಲೇಡಿನಿಂದ ತೆಳು ತೆಳುವಾಗಿ ಸವರಿ. ಒಂದೇ ಸಲಕ್ಕೆ ಬೇಡ. ಬಾಯ್ಲರ್ ಪಟ್ಟಿ ಬರುವ ಕಡೆ ಟೇಪ್ ಸುತ್ತಿದ್ದರೆ ಬ್ಲೇಡ್ ಜಾರಿದರೂ ಪಟ್ಟಿ ಉಳಿಯುತ್ತದೆ. ಕೊನೆಗೆ 600, ಆಮೇಲೆ 1200 ನಂಬರ್ ಸ್ಯಾಂಡ್ ಪೇಪರ್, ನೀರು ಹಾಕಿ.

ತಂತಿ ಎಷ್ಟು ದಪ್ಪ ಅಂತ ಲೆಕ್ಕ ಹಾಕಿ ನೋಡಿ. ನಿಜವಾದ ಹ್ಯಾಂಡ್‌ರೇಲ್ ಸುಮಾರು ಒಂದೂಕಾಲು ಇಂಚು, ಅಂದರೆ 32 ಮಿ.ಮೀ. 76ರಿಂದ ಭಾಗಿಸಿದರೆ 0.42. ಹಾಗಾಗಿ 0.4 ಅಥವಾ 0.45 ಮಿ.ಮೀ. ಹಿತ್ತಾಳೆ ತಂತಿ ಸರಿ. ಅರ್ಧ ಮಿಲಿಮೀಟರಿಗಿಂತ ದಪ್ಪ ಹೋದರೆ ನೀರಿನ ಪೈಪಿನ ಹಾಗೆ ಕಾಣುತ್ತದೆ. ಸುರುಳಿಯಲ್ಲಿ ಬರುವ ತಂತಿಯನ್ನು ಬೆರಳಲ್ಲಿ ನೀವಿ ನೇರ ಮಾಡಲು ಹೋಗಬೇಡಿ, ಸಣ್ಣ ಸಣ್ಣ ಅಲೆ ಉಳಿದೇ ಉಳಿಯುತ್ತದೆ. ಒಂದು ತುದಿ ವೈಸಿನಲ್ಲಿ ಕಚ್ಚಿಸಿ, ಇನ್ನೊಂದು ತುದಿ ಇಕ್ಕಳದಲ್ಲಿ ಹಿಡಿದು ನಿಧಾನಕ್ಕೆ ಎಳೆಯಿರಿ. ಮೊದಲು ಬಿಗಿಯಾಗಿ ನಿಲ್ಲುತ್ತದೆ, ಆಮೇಲೆ ಕೈಗೆ ಒಂಚೂರು ಸೋತ ಹಾಗೆ ಅನ್ನಿಸುತ್ತದೆ, ತಂತಿ ಹಿಗ್ಗಿತು ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿ. ಅದು ಬಾಣದ ಹಾಗೆ ನೆಟ್ಟಗಾಗಿರುತ್ತದೆ, ಗಡುಸೂ ಆಗಿರುತ್ತದೆ. ಈ ಕೆಲಸಕ್ಕೆ ಕನ್ನಡಕ ಹಾಕಿಕೊಳ್ಳಿ, ತುಂಡಾದರೆ ಮುಖಕ್ಕೇ ಬರುತ್ತದೆ.

ತೂತು ಕೊರೆಯುವುದು ಪಿನ್ ವೈಸಿನಲ್ಲಿ (ಸಣ್ಣ ಬಿಟ್ ಸಿಕ್ಕಿಸುವ ಹಿಡಿ), ಕೈಯಿಂದ. ಮೋಟಾರ್ ಡ್ರಿಲ್ ಬೇಡ, ಪ್ಲಾಸ್ಟಿಕ್ ಕರಗಿ ಬಿಟ್ಟಿಗೆ ಮೆತ್ತಿಕೊಳ್ಳುತ್ತದೆ. ಬಿಟ್ 0.5 ತಗೊಳ್ಳಿ, ಆದರೆ ನಿಮ್ಮ ಗುಬ್ಬಿಯ ಕಾಲು ಅಳೆದುಕೊಂಡೇ ತಗೊಳ್ಳಿ. ಗುಬ್ಬಿಗಳನ್ನು ಮೊದಲು ತಂತಿಗೆ ಪೋಣಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ತೂತುಗಳಲ್ಲಿ ಕೂರಿಸಿ, ಮೇಲಿನಿಂದ ನೋಡಿ ನೇರ ಮಾಡಿ, ಸರಿ ಅನ್ನಿಸಿದ ಮೇಲೆ ಬಾಯ್ಲರಿನ ಒಳಗಡೆಯಿಂದ ಸೂಪರ್ ಗ್ಲೂ ಒಂದೊಂದು ಹನಿ ಮುಟ್ಟಿಸಿ. ಹೊರಗಡೆಯಿಂದ ಅಂಟು ಹಾಕಿದರೆ ಬಿಳಿ ಮಂಜು ಕೂರುತ್ತದೆ.

ಅಡಿಭಾಗದಲ್ಲಿ ಡೀಟೇಲ್ ಹಾಕುವಾಗ ಎಚ್ಚರ. ಸ್ಯಾಂಡ್ ಪೈಪ್, ಬ್ರೇಕ್ ರಾಡ್ ಇವೆಲ್ಲ ಚಕ್ರದ ಪಕ್ಕದಲ್ಲೇ ಇರುತ್ತವೆ, ಹಿತ್ತಾಳೆಯಲ್ಲಿ ಮಾಡಿದರೆ ಚಕ್ರಕ್ಕೆ ತಗುಲಿ ಶಾರ್ಟ್ ಆಗುತ್ತದೆ. ಅಲ್ಲಿ ಪ್ಲಾಸ್ಟಿಕ್ ಕಡ್ಡಿ ಬಳಸಿ. ಕ್ಯಾಬಿನ ಕೆಳಗಿನ ಇಂಜೆಕ್ಟರ್ (ಬಾಯ್ಲರಿಗೆ ನೀರು ನುಗ್ಗಿಸುವ ಸಾಧನ) ಮತ್ತು ಅದರ ಪೈಪುಗಳನ್ನು ಮಾತ್ರ ಬಿಡಬೇಡಿ, ಪಕ್ಕದಿಂದ ನೋಡಿದಾಗ ಆ ಜಾಗ ಖಾಲಿ ಇದ್ದರೆ ಆಟದ ಸಾಮಾನಿನ ಹಾಗೆ ಕಾಣುತ್ತದೆ. ಇನ್ನೊಂದು, ಇಂಜಿನ್ನಿಗೂ ಟೆಂಡರಿಗೂ ನಡುವೆ ಇರುವ ದೊಡ್ಡ ಸಂದು. ಇಕ್ಕಟ್ಟಾದ ತಿರುವಿಗೆ ಅಂತ ಹಾಗೆ ಬಿಟ್ಟಿರುತ್ತಾರೆ. ಇವೆರಡನ್ನೂ ಜೋಡಿಸುವ ಡ್ರಾಬಾರಿನಲ್ಲಿ ಹೊಸ ತೂತು ಕೊರೆದು ಹತ್ತಿರ ತನ್ನಿ, ಆದರೆ ನಿಮ್ಮಲ್ಲಿರುವ ಅತಿ ಚಿಕ್ಕ ತಿರುವಿನಲ್ಲಿ, ಅದು ಸೆಕೆಂಡ್ ರೇಡಿಯಸ್ ಅಂದರೆ 438 ಮಿ.ಮೀ. ಇದ್ದರೆ ಅದರಲ್ಲೇ, ಎರಡೂ ದಿಕ್ಕಿಗೆ ಓಡಿಸಿ ನೋಡಿ ಆಮೇಲೆ ಖಾಯಂ ಮಾಡಿ. ನನ್ನ ಲೆಕ್ಕದಲ್ಲಿ ಇಡೀ ಮಾಡೆಲ್‌ನ ರೂಪ ಬದಲಾಯಿಸುವ ಕೆಲಸ ಇದೇ, ಹ್ಯಾಂಡ್‌ರೇಲಿಗಿಂತ ಹೆಚ್ಚು.

ಎರಡುತಂತಿ:

ಡಿಸಿಸಿ ಬಗ್ಗೆ ಯಾರೂ ಹೇಳಲಿಲ್ಲ. ಹಳೇ ಓಪನ್ ಫ್ರೇಮ್ ಮೋಟಾರಿನಲ್ಲಿ ಒಂದು ಕಾರ್ಬನ್ ಬ್ರಷ್ ನೇರವಾಗಿ ಚಾಸಿಗೆ ತಗುಲಿರುತ್ತದೆ. ಹಾಗೇ ಡಿಕೋಡರ್ (ಡಿಸಿಸಿ ಸಂಕೇತ ಓದಿ ಮೋಟಾರ್ ನಡೆಸುವ ಚಿಪ್ ಹಲಗೆ) ಹಾಕಿದರೆ ಅದು ಸುಟ್ಟುಹೋಗುತ್ತದೆ, ಎರಡು ಮಾತಿಲ್ಲ. ಎರಡೂ ಬ್ರಷ್ ಚಾಸಿಯಿಂದ ಬೇರೆಯಾಗಿರಬೇಕು. ಮಲ್ಟಿಮೀಟರ್ ಇಟ್ಟು ನೋಡಿ, ಮೋಟಾರಿನ ಎರಡು ತುದಿಗೂ ಹಳಿಗೂ ನಡುವೆ ಎಲ್ಲೂ ಬೀಪ್ ಬರಬಾರದು.

ಈ ಮೋಟಾರುಗಳು ಕರೆಂಟನ್ನೂ ಜಾಸ್ತಿ ಎಳೆಯುತ್ತವೆ. ಅದನ್ನು ಬಿಚ್ಚಿ ಆರ್ಮೇಚರ್ (ಒಳಗೆ ತಿರುಗುವ ಸುರುಳಿ ಭಾಗ) ಹೊರಗೆ ತೆಗೆದರೆ ಹಳೇ ಆಲ್ನಿಕೋ ಮ್ಯಾಗ್ನೆಟ್ ಶಕ್ತಿ ಕಳೆದುಕೊಳ್ಳುತ್ತದೆ ಅನ್ನುವುದೂ ನೆನಪಿರಲಿ, ನಿಯೋಡಿಮಿಯಂ ಮ್ಯಾಗ್ನೆಟ್ ಹಾಕಿದರೆ ಜೀವ ಬರುತ್ತದೆ. ನನ್ನ ಸಲಹೆ ಕೇಳಿದರೆ ಡಿಸಿಸಿ ಬೇಕು ಅನ್ನುವವರು ಹೊಸ ಮುಚ್ಚಿದ ಕ್ಯಾನ್ ಮೋಟಾರ್ ಹಾಕಿಕೊಳ್ಳುವುದೇ ನೆಮ್ಮದಿ. ಟೆಂಡರ್ ಚಕ್ರಗಳಿಗೂ ಚಕ್ರದಿಂದ ಕರೆಂಟ್ ಎತ್ತಿಕೊಳ್ಳುವ ಫಾಸ್ಫರ್ ಬ್ರಾಂಜ್ ತಂತಿಯ ಪಿಕಪ್ ಹಾಕಿ. ನಿಧಾನದ ಓಟಕ್ಕೆ ಡಿಕೋಡರಿಗಿಂತ ಜಾಸ್ತಿ ಉಪಕಾರ ಮಾಡುವುದು ಈ ಪಿಕಪ್ಪುಗಳೇ. ಚಕ್ರದ ಬೆನ್ನಿಗೆ ಹಗುರವಾಗಿ ಸವರಬೇಕು, ಒತ್ತಿದರೆ ಅದೇ ಬ್ರೇಕ್ ಆಗುತ್ತದೆ.

ಮಸಿಬಣ್ಣ:

ಬಣ್ಣ ನನ್ನ ಪಾಲಿಗೆ ಉಳಿದಿದೆ ಅನ್ನಿಸುತ್ತದೆ, ಬರೆಯುತ್ತೇನೆ.

ತೆಗೆಯುವುದಕ್ಕೆ: 99 ಪರ್ಸೆಂಟ್ ಐಪಿಎ, ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ, ಬಾಡಿಯನ್ನು ಅದರಲ್ಲಿ ಮುಳುಗಿಸಿ ಕೆಲವು ಗಂಟೆ ಬಿಡಿ. ಮೆತ್ತಗಿನ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರೆ ಬಣ್ಣ ಸುಕ್ಕಾಗಿ ಎದ್ದು ಬರುತ್ತದೆ. ಬೆಂಕಿ ಹತ್ತಿರ ಬೇಡ, ಕಿಟಕಿ ತೆರೆದಿರಲಿ. ಅಸಿಟೋನ್, ಸೆಲ್ಯುಲೋಸ್ ಥಿನ್ನರ್ ಎರಡನ್ನೂ ಪ್ಲಾಸ್ಟಿಕ್ ಬಾಡಿಯ ಹತ್ತಿರ ತರಲೇಬೇಡಿ, ಕರಗಿ ಮುದ್ದೆಯಾಗುತ್ತದೆ.

ಹಚ್ಚುವುದಕ್ಕೆ: ಬೂದು ಪ್ರೈಮರ್ ಹಾಕಿ ಒಂದು ರಾತ್ರಿ ಬಿಡಿ. ಸ್ಯಾಂಡ್ ಪೇಪರಿನ ಗೀರು, ಹ್ಯಾಂಡ್‌ರೇಲ್ ಸವರಿದ ಜಾಗ, ಬಿರುಕಿಗೆ ತುಂಬಿದ ಪುಟ್ಟಿ ಎಲ್ಲ ಆಗ ಕಾಣುತ್ತದೆ, ಸರಿಮಾಡಿ ಮತ್ತೆ ಪ್ರೈಮರ್. ಹಿತ್ತಾಳೆ ಭಾಗಗಳಿಗೆ ಎಚ್ (etch, ಲೋಹವನ್ನು ಕಚ್ಚಿ ಹಿಡಿಯುವ) ಪ್ರೈಮರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬೆರಳು ತಗುಲಿದಲ್ಲಿ ಬಣ್ಣ ಏಳುತ್ತದೆ. ಮೇಲೆ ಅಪ್ಪಟ ಕಪ್ಪು ಬೇಡ. ಇಷ್ಟು ಸಣ್ಣ ವಸ್ತುವಿಗೆ ಅಪ್ಪಟ ಕಪ್ಪು ಹಚ್ಚಿದರೆ ಎಲ್ಲ ಡೀಟೇಲ್ ನುಂಗಿಹಾಕುತ್ತದೆ. ಕಪ್ಪಿಗೆ ಸ್ವಲ್ಪ ಬೂದು, ಒಂದು ಚಿಟಿಕೆ ಕಂದು ಬೆರೆಸಿ. ಸ್ಮೋಕ್‌ಬಾಕ್ಸಿಗೆ ಇನ್ನೂ ತಿಳಿ, ಪೂರ್ತಿ ಮ್ಯಾಟ್, ಯಾಕೆಂದರೆ ಅಲ್ಲಿ ಶಾಖಕ್ಕೆ ಬಣ್ಣ ಬೆಂದು ಬಾಯ್ಲರಿನ ಬಣ್ಣಕ್ಕಿಂತ ಬೇರೆಯೇ ಆಗಿರುತ್ತಿತ್ತು.

ನಂಬರಿನ ಡಿಕಾಲ್ (ಅಂಟಿಸುವ ಅಚ್ಚಿನ ಪದರ) ಹಚ್ಚುವ ಜಾಗಕ್ಕೆ ಮೊದಲು ಗ್ಲಾಸ್ (gloss, ಹೊಳಪಿನ) ವಾರ್ನಿಷ್ ಹಾಕಲೇಬೇಕು. ಮ್ಯಾಟ್ ಮೇಲೆ ಹಚ್ಚಿದರೆ ಅಡಿಯಲ್ಲಿ ಗಾಳಿ ಉಳಿದು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಡಿಕಾಲ್ ಒಣಗಿದ ಮೇಲೆ ಎಲ್ಲಕ್ಕೂ ಸ್ಯಾಟಿನ್.

ವೆದರಿಂಗ್ (ಓಡಿ ಕೊಳೆಯಾದ ಹಾಗೆ ಕಾಣಿಸುವುದು) ಮಾಡುವಾಗ ಕೊಳೆ ಎಲ್ಲಿಂದ ಬಂತು ಅಂತ ಯೋಚಿಸಿ ಹಚ್ಚಿ, ಸುಮ್ನೆ ಮೈತುಂಬ ಕಂದು ಎರಚಬೇಡಿ. ಬ್ರೇಕ್ ಧೂಳು ಕೆಳಗಿನಿಂದ ಬರುತ್ತದೆ, ಅದು ತುಕ್ಕಿನ ಕಂದು, ಚಕ್ರ ಮತ್ತು ಫ್ರೇಮಿನ ಮೇಲೆ. ಮಸಿ ಮೇಲಿನಿಂದ ಬೀಳುತ್ತದೆ, ಅದು ಬಾಯ್ಲರಿನ ನೆತ್ತಿ ಮತ್ತು ಕ್ಯಾಬಿನ ಚಾವಣಿ ಮೇಲೆ. ನೀರು ಸೋರಿದ ಕಡೆ ಸುಣ್ಣದ ಬಿಳಿ ಗೆರೆ, ಸೇಫ್ಟಿ ವಾಲ್ವಿನಿಂದ ಕೆಳಕ್ಕೆ, ವಾಶ್‌ಔಟ್ ಪ್ಲಗ್ಗುಗಳಿಂದ (ಬಾಯ್ಲರ್ ತೊಳೆಯುವ ತೂತಿನ ಬಿರಡೆಗಳು) ಕೆಳಕ್ಕೆ. ಕ್ಯಾಬಿನ ಹ್ಯಾಂಡ್‌ರೇಲ್ ಮಾತ್ರ ಕೈ ಆಡಿ ಆಡಿ ಹೊಳೆಯುತ್ತಿರುತ್ತದೆ. ರಾಡುಗಳಿಗೆ ಬಣ್ಣ ಬಳಿಯಬೇಡಿ, ತೆಳ್ಳಗೆ ಎಣ್ಣೆಗಪ್ಪು ವಾಶ್ ಸಾಕು, ಕೀಲುಗಳಿಗೆ ಬಣ್ಣ ಇಳಿದರೆ ಕ್ರ್ಯಾಂಕ್‌ಪಿನ್ ಅವರು ಹೇಳಿದ ಕೆಲಸ ಎಲ್ಲ ಮತ್ತೆ ಮಾಡಬೇಕು.

ಟೆಂಡರಿಗೆ ನಿಜವಾದ ಕಲ್ಲಿದ್ದಲನ್ನೇ ಕುಟ್ಟಿ ಜರಡಿ ಹಿಡಿದು ಹಾಕಿ, 2 ಮಿ.ಮೀ. ಸುತ್ತಮುತ್ತ, ಜೊತೆಗೆ ಪುಡಿ. ಫೈರ್‌ಮನ್ ಮುಂದಿನಿಂದ ತೋಡುತ್ತಾ ಬರುವುದರಿಂದ ಕ್ಯಾಬಿನ ಕಡೆ ರಾಶಿ ತಗ್ಗಿರಬೇಕು.

ಸಣ್ಣಹಳಿ:

ಎಲ್ಲರಿಗೂ ಥ್ಯಾಂಕ್ಸ್, ಇದನ್ನು ಪ್ರಿಂಟ್ ಮಾಡಿ ಮೇಜಿನ ಮೇಲೆ ಅಂಟಿಸಿಕೊಳ್ಳುತ್ತೇನೆ. ಕ್ಯಾನ್ ಮೋಟಾರ್ ಹಾಕುವುದು ಅಂತ ತೀರ್ಮಾನ ಮಾಡಿದೆ. ಎರಡು ಸಣ್ಣ ಪ್ರಶ್ನೆ. ಕಲ್ಲಿದ್ದಲು ಅಂಟಿಸಲು ಪಿವಿಎ ಬಳಸಬಹುದಾ, ಬಾಯ್ಲರ್ ಕಥೆ ಕೇಳಿ ಭಯ ಆಗಿದೆ. ಎರಡನೆಯದು, ಚಾಸಿ ಸರಿಯಾಯಿತು ಅಂತ ಬಾಡಿ ಕೂರಿಸುವ ಮುಂಚೆ ಖಚಿತ ಮಾಡಿಕೊಳ್ಳುವುದು ಹೇಗೆ?

ಕ್ರ್ಯಾಂಕ್‌ಪಿನ್:

ಕಲ್ಲಿದ್ದಲಿಗೆ ಪಿವಿಎ ಧಾರಾಳವಾಗಿ ಬಳಸಿ, ನೀರು ಬೆರೆಸಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಆಗ ರಾಶಿಯೊಳಗೆ ಇಳಿಯುತ್ತದೆ. ತಂಟೆ ಇರುವುದು ಸೀಸದ ಜೊತೆ ಮಾತ್ರ. ಟೆಂಡರಿನಲ್ಲೂ ಸೀಸದ ತೂಕ ಇದ್ದರೆ ಕಲ್ಲಿದ್ದಲಿನ ಕೆಳಗೆ ಪ್ಲಾಸ್ಟಿಕ್ ತಗಡು ಹಾಕಿ ಬೇರೆ ಮಾಡಿ.

ಎರಡನೆಯದಕ್ಕೆ: ಮೋಟಾರಿನ ಜೊತೆ ಆಮ್ಮೀಟರ್ ಸೀರೀಸಿನಲ್ಲಿ ಸೇರಿಸಿ, ನಿಧಾನಕ್ಕೆ ಓಡಿಸಿ ಮುಳ್ಳು ನೋಡಿ. ಡಿಜಿಟಲ್ ಮೀಟರಿಗಿಂತ ಮುಳ್ಳಿನ ಮೀಟರ್ ಇದಕ್ಕೆ ಚೆನ್ನ. ಚಕ್ರದ ಪ್ರತಿ ಸುತ್ತಿಗೂ ಮುಳ್ಳು ಒಂದೇ ಜಾಗದಲ್ಲಿ ಏರುತ್ತಿದ್ದರೆ ಅಲ್ಲಿ ಇನ್ನೂ ಹಿಡಿತ ಇದೆ ಅಂತ, ಕಣ್ಣಿಗೆ ಕಾಣದಿದ್ದರೂ. ಒಂದೇ ಸಮ ನಿಂತರೆ ಆಕ್ಸಲ್ ಬೇರಿಂಗಿಗೆ ಸೂಜಿ ಮೊನೆಯಷ್ಟು ಪ್ಲಾಸ್ಟಿಕ್‌ಗೆ ಹೊಂದುವ ತೆಳು ಎಣ್ಣೆ, ವರ್ಮ್ ಗೇರಿಗೆ ಸ್ವಲ್ಪ ಗ್ರೀಸ್ ಹಾಕಿ. ಬಾಡಿ ಇಲ್ಲದೆ, ರೇಕ್ ಇಲ್ಲದೆ ಅರ್ಧ ಗಂಟೆ ಮುಂದಕ್ಕೆ, ಅರ್ಧ ಗಂಟೆ ಹಿಂದಕ್ಕೆ ಮಧ್ಯಮ ವೇಗದಲ್ಲಿ ಬಿಡಿ. ಮತ್ತೆ ಮೀಟರ್ ನೋಡಿ. ಕರೆಂಟ್ ಮೊದಲಿಗಿಂತ ಕಮ್ಮಿಯಾಗಿರಬೇಕು. ಏರಿದ್ದರೆ ಮೋಟಾರ್ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ವರ್ಮ್ ಗೇರಿಗೆ ತೀರಾ ಒತ್ತಿ ಕೂತಿದೆ ಅಂತ, ಮೋಟಾರ್ ಕೆಳಗೆ ಸಿಗರೇಟ್ ಕಾಗದದಷ್ಟು ತೆಳು ಹಾಳೆ ಕೊಟ್ಟು ಎತ್ತಿ, ಮತ್ತೆ ಓಡಿಸಿ.